ಕಂಪನಿ ವೆಬ್‌ಸೈಟಲ್ಲಿ ಬ್ಲಾಗ್, ಪಾಡ್‌ಕಾಸ್ಟ್ ಕಣ್ಣಿಗೆ ಬೀಳಬೇಕೆಂದರೆ

ಚಿಕ್ಕಮಗಳೂರು, ಮೂಡಿಗೆರೆ ಕಡೆಯ ಕಾಫಿ ಕಂಪನಿ, ಹೋಂಸ್ಟೇಗಳ ವೆಬ್‌ಸೈಟ್ ನೋಡಿಕೊಳ್ಳುವವರಿಗೆ ಇದು. ಬ್ಲಾಗ್ ಲಿಂಕನ್ನು ಪುಟದ ಬುಡದಲ್ಲೋ 'ನಮ್ಮ ಬಗ್ಗೆ' ಒಳಗೋ ಹುದುಗಿಸಬೇಡಿ. ಮೇಲಿನ ಮೆನುವಿನಲ್ಲೇ 'ಬ್ಲಾಗ್', 'ಪಾಡ್‌ಕಾಸ್ಟ್' ಎಂದು ನೇರವಾಗಿ ಹಾಕಿ. 'ಒಳನೋಟ', 'ಸಂಪನ್ಮೂಲ' ಅಂತೆಲ್ಲ ಹೆಸರಿಟ್ಟರೆ ಒಳಗೇನಿದೆ ಅಂತ ಗೊತ್ತಾಗುವುದಿಲ್ಲ. ಮೊಬೈಲಿನಲ್ಲಿ ಮೂರು ಗೆರೆ ಒತ್ತಿದ ಕೂಡಲೇ ಕಾಣಬೇಕು.

ಶೀರ್ಷಿಕೆ ಜನ ಹುಡುಕುವ ಮಾತಿನಲ್ಲಿರಲಿ. 'ಹೂಮಳೆ ತಡವಾದರೆ ರೊಬಸ್ಟಾಗೆ ಸ್ಪ್ರಿಂಕ್ಲರ್ ನೀರು ಯಾವಾಗ' ಅನ್ನುವುದು 'ನಮ್ಮ ಪಯಣ, ಭಾಗ 4'ಕ್ಕಿಂತ ಎಷ್ಟೋ ವಾಸಿ. ಬಹಳ ಜನ ಗಮನಿಸದ ಇನ್ನೊಂದು ತೊಡಕು: 'ನುಡಿ' ತಂತ್ರಾಂಶದ ಹಳೆಯ ಆಸ್ಕಿ ಫಾಂಟಿನಲ್ಲಿ ಟೈಪ್ ಮಾಡಿದ್ದನ್ನು ಹಾಗೇ ಅಂಟಿಸಿದರೆ ಗೂಗಲ್‌ಗೆ ಅದು ಕನ್ನಡವೇ ಅಲ್ಲ, ಬರೀ ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಗೋಜಲು. ಎಲ್ಲ ಕಡೆ ಕನ್ನಡವಾಗಿಯೇ ಓದಿಸಿಕೊಳ್ಳುವ ಯೂನಿಕೋಡ್‌ಗೆ ಬದಲಿಸಿಯೇ ಹಾಕಿ. ಪೋಸ್ಟರ್ ಚಿತ್ರದೊಳಗಿನ ಬರಹವನ್ನೂ ನೆಚ್ಚಿಕೊಳ್ಳಬೇಡಿ.

ಪಾಡ್‌ಕಾಸ್ಟಿನ ಪ್ರತಿ ಸಂಚಿಕೆಗೂ ಪ್ರತ್ಯೇಕ ಪುಟ ಬೇಕು: ಪ್ಲೇಯರ್, ಅದರ ಕೆಳಗೆ ಮಾತಿನ ಲಿಖಿತ ರೂಪ. ಬರೀ ಆಡಿಯೋ ಇದ್ದರೆ ಹುಡುಕಾಟಕ್ಕೆ ಸಿಗಲು ಪದಗಳೇ ಇರುವುದಿಲ್ಲ. ಹೊಸ ಸಂಚಿಕೆಗಳ ಪಟ್ಟಿಯನ್ನು ಆ್ಯಪ್‌ಗಳಿಗೆ ತಲುಪಿಸುವ ಆರ್‌ಎಸ್‌ಎಸ್ ಫೀಡ್ ವಿಳಾಸವನ್ನು ಪುಟದ ಕೋಡ್‌ನ ಹೆಡ್ ಭಾಗದಲ್ಲೂ ಸೇರಿಸಿ. ಸೈಟ್ ವಿಳಾಸ ಕೊಟ್ಟರೆ ಫೀಡ್ ರೀಡರ್‌ಗಳು ತಾವೇ ಹಿಡಿಯುತ್ತವೆ. ಆಪಲ್ ಪಾಡ್‌ಕಾಸ್ಟ್ಸ್‌ಗೆ ಮುಖಚಿತ್ರ ಚೌಕವಾಗಿರಬೇಕು, 1400ರಿಂದ 3000 ಪಿಕ್ಸೆಲ್. ಗೂಗಲ್ ಪಾಡ್‌ಕಾಸ್ಟ್ಸ್ 2024ರಲ್ಲೇ ಮುಚ್ಚಿದೆ, ಆ ಬಟನ್ ಇನ್ನೂ ಇದ್ದರೆ ಕಿತ್ತುಹಾಕಿ.

ಇಷ್ಟಾದರೂ ಗೂಗಲ್‌ನಲ್ಲಿ ಬರುತ್ತಿಲ್ಲವೇ? ವರ್ಡ್‌ಪ್ರೆಸ್ ಆದರೆ ಸೆಟ್ಟಿಂಗ್ಸ್‌ನ ರೀಡಿಂಗ್‌ನಲ್ಲಿ ಸರ್ಚ್ ಇಂಜಿನ್‌ಗಳನ್ನು ದೂರವಿಡುವ ಟಿಕ್ ಹಾಗೇ ಉಳಿದಿರಬಹುದು, ಸೈಟ್ ಕಟ್ಟುವಾಗ ಹಾಕಿದ್ದು. ಅದನ್ನು ತೆಗೆದು, ಸೈಟ್ ಮಾಲೀಕರಿಗೆಂದೇ ಇರುವ ಗೂಗಲ್‌ನ ಸರ್ಚ್ ಕನ್ಸೋಲ್‌ನಲ್ಲಿ ಸೈಟ್‌ಮ್ಯಾಪ್ (ಸೈಟಿನ ಪುಟಗಳ ಪಟ್ಟಿ) ಮತ್ತೆ ಸಲ್ಲಿಸಿ.