ಮಳೆಗಾಲದ ಮೂವತ್ತು ಮೈಕ್ರಾನ್

ಮೊದಲ ಗುಂಪಿನ ಹನ್ನೆರಡು ವೇವ್‌ಗೈಡ್‌ಗಳಲ್ಲಿಯೂ, ಅಂದರೆ ಬೆಳಕು ಸಾಗುವ ಸಣ್ಣ ಗೆರೆಗಳಲ್ಲಿಯೂ, ಬೆಳಕು ಚೆನ್ನಾಗಿ ದಾಟಿತು. ಎರಡನೆಯ ಗುಂಪಿನಲ್ಲಿ ಸುಮಾರು 2 ಡೆಸಿಬೆಲ್ ಕಡಿಮೆ. ಮೂರನೆಯದರಲ್ಲಿ ಮತ್ತಷ್ಟು ಕಡಿಮೆ. ನಾಲ್ಕನೆಯದಕ್ಕೆ ಬರುವಷ್ಟರಲ್ಲಿ ಮೀಟರ್ 8 ಡೆಸಿಬೆಲ್ ಇಳಿದಿತ್ತು; ಬರಬೇಕಾದ ಬೆಳಕಿನ ಆರನೆಯ ಒಂದು ಪಾಲಷ್ಟೇ ಉಳಿದಿತ್ತು. ಹೊರಗೆ ಕಾಸರಗೋಡಿನ ಜುಲೈ ಮಳೆ.

ನಮ್ಮ ಕಾಲೇಜಿನ ಪ್ರಯೋಗಾಲಯದಲ್ಲಿ ನಾವು ಕೈಗೆತ್ತಿಕೊಂಡಿದ್ದ ಕೆಲಸವಿದು: ಸರ್ಕ್ಯೂಟ್ ಬೋರ್ಡಿನ ಮೇಲೆ ಪಾಲಿಮರ್ ಗೆರೆಗಳನ್ನು ಮೂಡಿಸಿ, ಸಂಕೇತಗಳನ್ನು ಬೆಳಕಿನ ರೂಪದಲ್ಲಿ ಕಳುಹಿಸುವುದು. ವೇಗ ಹೆಚ್ಚಿದಂತೆ ತಾಮ್ರದ ಗೆರೆಯಲ್ಲಿ ಸಂಕೇತ ಸೊರಗುತ್ತದೆ, ಪಕ್ಕದ ಗೆರೆಗೂ ಸೋರುತ್ತದೆ. ಬೆಳಕಿಗೆ ಆ ತೊಂದರೆ ಇಲ್ಲ. ಆದರೆ 50 ಮೈಕ್ರಾನ್ (ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಪಾಲು) ಅಗಲ, ಅಷ್ಟೇ ಎತ್ತರದ ಅದರ ಬಾಯಿಗೆ ಬೆಳಕು ತರುವ ಗಾಜಿನ ಎಳೆಯನ್ನು, ಅಂದರೆ ಫೈಬರನ್ನು, ನೇರವಾಗಿ ತಂದು ನಿಲ್ಲಿಸಬೇಕು. ನಮ್ಮ ತಲೆಕೂದಲೂ ಹೆಚ್ಚುಕಡಿಮೆ ಅಷ್ಟೇ ದಪ್ಪ.

ಎಷ್ಟು ಸರಿದರೆ ಸಹಿಸಬಹುದು ಎಂಬುದನ್ನು ಮೊದಲೇ ಅಳೆದಿದ್ದೆವು. ನಾವು ಬಳಸುವ 850 ನ್ಯಾನೋಮೀಟರ್ ತರಂಗಾಂತರದ ಬೆಳಕು ಕಣ್ಣಿಗೆ ಸರಿಯಾಗಿ ಕಾಣುವುದಿಲ್ಲ. ಹಾಗಾಗಿ ಮೊದಲು ಕೆಂಪು ಲೇಸರ್ ಹಾಯಿಸಿ, ವೇವ್‌ಗೈಡಿನ ತುದಿಯನ್ನು ಸೂಕ್ಷ್ಮದರ್ಶಕದ ಕೆಳಗೆ ನೋಡುತ್ತಿದ್ದೆ. ಜಾಗ ಸರಿಯಾಗಿ ಸಿಕ್ಕ ಕ್ಷಣ ಕತ್ತಲಲ್ಲಿ ಚೌಕಾಕಾರದ ಪುಟ್ಟ ಕೆಂಪು ಕಿಟಕಿಯೊಂದು ತೆರೆದಂತೆ ಕಾಣುತ್ತದೆ. ನೂರಾರು ಬಾರಿ ನೋಡಿದರೂ ಆ ಕಿಟಕಿಯ ಮೇಲಿನ ಪ್ರೀತಿ ಕಡಿಮೆಯಾಗಿಲ್ಲ. ಆಮೇಲೆ 850ಕ್ಕೆ ಬದಲಾಯಿಸಿ, ಫೈಬರನ್ನು 2 ಮೈಕ್ರಾನಿನಂತೆ ಸರಿಸುತ್ತಾ ಮೀಟರಿನ ಓದುಗಳನ್ನು ಬರೆದುಕೊಳ್ಳುವುದು.

ಇಲ್ಲಿ ಒಂದು ಮಾತು ಹೇಳಲೇಬೇಕು. ಬೆಳಕು ಸಾಗುವ ತಿರುಳು ಬಹಳ ಕಿರಿದಾದ ಸಿಂಗಲ್ ಮೋಡ್ ಫೈಬರಿನಿಂದ ಬೆಳಕು ತುಂಬಿದಾಗ ಅದು ಅತ್ತಿತ್ತ 20 ಮೈಕ್ರಾನ್ ಸರಿದರೂ ಓದು ಅಲುಗಲಿಲ್ಲ. ಅದರ ಬೆಳಕಿನ ಚುಕ್ಕೆ ಚಿಕ್ಕದು, ಬಾಯಿಯೊಳಗೆ ಎಲ್ಲಿ ಬಿದ್ದರೂ ನಡೆಯುತ್ತದೆ. 50 ಮೈಕ್ರಾನಿನಷ್ಟು ಅಗಲ ತಿರುಳಿನ ಮಲ್ಟಿಮೋಡ್ ಫೈಬರ್ ಇಟ್ಟಾಗ ಸುಮಾರು 10 ಮೈಕ್ರಾನಿಗೇ 1 ಡೆಸಿಬೆಲ್ ಹೋಯಿತು. ಯಾವ ಮೂಲದಿಂದ ಬೆಳಕು ತುಂಬಿದೆವು, ಯಾವುದರಲ್ಲಿ ಹಿಡಿದೆವು ಎಂದು ಹೇಳದೆ ಸಹನೆಯ ಅಂಕಿಯನ್ನಷ್ಟೇ ಕೊಟ್ಟರೆ ಅದನ್ನು ನಾನು ನಂಬುವುದಿಲ್ಲ.

10 ಮೈಕ್ರಾನ್ ಸಾಕಷ್ಟಾಯಿತು ಎಂದುಕೊಂಡಿದ್ದೆವು. ಹಾಗಿದ್ದರೆ ನಾಲ್ಕನೆಯ ಗುಂಪು ಏಕೆ ಸೋತಿತು? ತುದಿಗಳ ಒರಟುತನ ಇರಬಹುದೆಂದು ಮತ್ತೆ ಪಾಲಿಶ್ ಮಾಡಿದೆವು, ಜೆಲ್ ಹಚ್ಚಿದೆವು. ನಾಲ್ಕೂ ಗುಂಪುಗಳು ಒಂದೇ ಅಳತೆಯಲ್ಲಿ ಸುಧಾರಿಸಿದವು. ಅವುಗಳ ನಡುವಿನ ಅಂತರ ಹಾಗೆಯೇ ಉಳಿಯಿತು. ಒಂದೇ ಗುಂಪಿನೊಳಗಿನ ಹನ್ನೆರಡೂ ಸಮನಾಗಿದ್ದವು. ನಷ್ಟ ಏರುತ್ತಿದ್ದುದು ಬೋರ್ಡಿನ ಅಗಲದುದ್ದಕ್ಕೂ, ಗುಂಪಿನಿಂದ ಗುಂಪಿಗೆ ಮಾತ್ರ.

ಕೊನೆಗೆ ದಾರಿ ತೋರಿಸಿದ್ದು ಪ್ರಯೋಗಾಲಯದ ಸಹಾಯಕರು. "ಆಟಿಯಲ್ಲಿ ಮನೆಯ ಬಾಗಿಲೇ ಉಬ್ಬಿ ದಾರಂದಕ್ಕೆ ಕಚ್ಚಿಕೊಳ್ಳುತ್ತದೆ ಮಾಷ್ಟ್ರೇ, ಈ ಫಿಲ್ಮ್ ಸುಮ್ಮನಿರುತ್ತದೆಯೇ?" ಎಂದು ಕೇಳಿದರು. ಆಟಿ ಎಂದರೆ ತುಳುವರ ಮಳೆಗಾಲದ ತಿಂಗಳು.

ವೇವ್‌ಗೈಡ್ ಮೂಡಿಸಲು ಬಳಸಿದ ಮಾಸ್ಕ್, ಅಂದರೆ ಗೆರೆಗಳ ನಕ್ಷೆ ಮುದ್ರಿಸಿದ ಹಾಳೆ, ಪಾಲಿಯೆಸ್ಟರ್ ಫಿಲ್ಮಿನದು. ಗಾಳಿಯ ಸಾಪೇಕ್ಷ ತೇವಾಂಶ ಶೇಕಡಾ 1ರಷ್ಟು ಏರಿದರೆ ಅದು ಹತ್ತು ಲಕ್ಷಕ್ಕೆ ಸುಮಾರು ಹತ್ತು ಪಾಲು ಹಿಗ್ಗುತ್ತದೆ. ಎ.ಸಿ. ಕೋಣೆಯಲ್ಲಿ ಶೇಕಡಾ 50ರ ತೇವಾಂಶದಲ್ಲಿ ಮುದ್ರಿಸಿದ್ದನ್ನು ನಾವು ಶೇಕಡಾ 80ರಲ್ಲಿ ಬಿಚ್ಚಿ ಬಳಸಿದ್ದೆವು. ಮೊದಲ ಗುಂಪಿನಿಂದ ಕೊನೆಯದಕ್ಕೆ 100 ಮಿಲಿಮೀಟರ್. ಲೆಕ್ಕ ಹಾಕಿದರೆ 30 ಮೈಕ್ರಾನ್. ಒಂದು ಗುಂಪಿನ ಅಗಲ 3 ಮಿಲಿಮೀಟರಿಗಿಂತ ಕಡಿಮೆ, ಅಲ್ಲಿ ಹಿಗ್ಗಿದ್ದು 1 ಮೈಕ್ರಾನೂ ಇಲ್ಲ. ಇತ್ತ ಫೈಬರುಗಳನ್ನು ಹಿಡಿದಿಡುವ ಕನೆಕ್ಟರ್ ಕೂರಿಸಲು ನಾವು ನೋಡುತ್ತಿದ್ದ ತಾಮ್ರದ ಗುರುತುಗಳು ಫೆಬ್ರವರಿಯ ಒಣಹವೆಯಲ್ಲಿ, ಬೇರೊಂದು ಫಿಲ್ಮಿನಿಂದ ಆದಂಥವು. ನಮ್ಮ ಬೋರ್ಡಿನ ಎರಡು ಪದರಗಳು ಎರಡು ಋತುಗಳಲ್ಲಿ ಹುಟ್ಟಿದ್ದವು.

ತಾಮ್ರವನ್ನು ನಂಬುವುದನ್ನು ಬಿಟ್ಟೆವು. ಪ್ರತಿ ಗುಂಪಿನ ಎಡಬಲಕ್ಕೆ ಒಂದೊಂದು ಗೋಡೆಯನ್ನು ವೇವ್‌ಗೈಡ್ ಇರುವ ಅದೇ ಮಾಸ್ಕಿನಲ್ಲಿ ಬಿಡಿಸಿ, ಅದೇ ಪದರದಲ್ಲಿ ಮೂಡಿಸಿದೆವು. ಕನೆಕ್ಟರಿನ ಪೀಠ ಈಗ ಆ ಗೋಡೆಗಳ ನಡುವೆ ಕೂರುತ್ತದೆ. ಫಿಲ್ಮ್ ಹಿಗ್ಗಿದರೆ ಗೋಡೆಯೂ ವೇವ್‌ಗೈಡಿನ ಜೊತೆಯಲ್ಲೇ ಸರಿಯುತ್ತದೆ. ಎತ್ತರಕ್ಕೂ ಇದೇ ಉಪಾಯ: ಗೆರೆಗಳ ಮೇಲೆ ಕೆಳಗೆ ಇರುವ ಹೊದಿಕೆಗಳಲ್ಲಿ ಮೇಲಿನದನ್ನು ಆ ಜಾಗದಲ್ಲಿ ಹಾಕದೆ, ಪೀಠವನ್ನು ಕೆಳಹೊದಿಕೆಯ ಮೇಲೆಯೇ ಇಟ್ಟೆವು, ವೇವ್‌ಗೈಡಿನ ತಳವೂ ಅದೇ ಮಟ್ಟದಲ್ಲಿರುತ್ತದೆ.

ಮುಂದಿನ ಬೋರ್ಡ್ ಮಾಡಿದ್ದು ಆಗಸ್ಟಿನಲ್ಲಿ, ಮಳೆ ಬಿಡದೆ ಸುರಿಯುತ್ತಿದ್ದಾಗಲೇ. ಮೊದಲ ಗುಂಪಿಗೂ ನಾಲ್ಕನೆಯದಕ್ಕೂ ಅರ್ಧ ಡೆಸಿಬೆಲಿನಷ್ಟೂ ವ್ಯತ್ಯಾಸ ಬರಲಿಲ್ಲ. ಸಹಾಯಕರನ್ನು ಕರೆದು ನಾಲ್ಕೂ ಓದುಗಳನ್ನು ಅವರ ಕೈಯಿಂದಲೇ ಪುಸ್ತಕಕ್ಕೆ ಬರೆಸಿದೆ.