ಡಬ್ಬದಲ್ಲಿ ಏನಿದೆ ನೋಡಿ, ಆಮೇಲೆ ಬ್ರಷ್

ಬ್ರಷ್ ಕೊಳ್ಳುವ ಮುಂಚೆ ನಾನು ಪೇಂಟಿನ ಡಬ್ಬ ತಿರುಗಿಸಿ ಓದುತ್ತೇನೆ. ತೆಳು ಮಾಡಲು ನೀರು ಬೆರೆಸಬೇಕೋ ಟರ್ಪೆಂಟೈನ್ ಬೆರೆಸಬೇಕೋ, ಅಷ್ಟು ಗೊತ್ತಾದರೆ ಸಾಕು. ನೀರಾದರೆ ನೈಲಾನ್ ಅಥವಾ ಪಾಲಿಯೆಸ್ಟರ್ ಎಳೆಯ ಬ್ರಷ್, ಟರ್ಪೆಂಟೈನ್ ಆದರೆ ಹಂದಿ ಕೂದಲಿನದು. ಹಂದಿ ಕೂದಲು ನೀರು ಕುಡಿಯುತ್ತದೆ. ನೀರು ಬೆರೆಸುವ ಗೋಡೆಯ ಪೇಂಟಿಗೆ, ಅಂದರೆ ಎಮಲ್ಷನ್‌ಗೆ, ಅದನ್ನೇ ಬಳಸಿದರೆ ಸ್ವಲ್ಪ ಹೊತ್ತಿಗೇ ಉಬ್ಬಿ, ಮೆತ್ತಗಾಗಿ, ಒದ್ದೆ ಪೊರಕೆಯ ಹಾಗೆ ಜೋತು ಬೀಳುತ್ತದೆ. ಸೀಲಿಂಗ್ ಅಂಚಿನ ಗೆರೆ ನೇರ ಬರುವುದಿಲ್ಲ. ಟರ್ಪೆಂಟೈನ್ ಬೆರೆಸುವ ಆಯಿಲ್ ಪೇಂಟಿಗೆ ಮಾತ್ರ ಅದೇ ಕೂದಲು ಚೆನ್ನ. ಅದರ ತುದಿ ತಾನಾಗಿಯೇ ಸೀಳಿರುವುದರಿಂದ ಪೇಂಟ್ ಹೆಚ್ಚು ಹಿಡಿದುಕೊಂಡು, ಬಾಗಿಲಿನ ಮೇಲೆ ಗೀರು ಉಳಿಯದಂತೆ ಹರಡುತ್ತದೆ. ಬಾಗಿಲು ಕಿಟಕಿಗೆ ಹಚ್ಚುವ ಎನಾಮೆಲ್ ಅಂದಾಕ್ಷಣ ಟರ್ಪೆಂಟೈನ್ ಎಂದುಕೊಳ್ಳಬೇಡಿ, ನೀರು ಬೆರೆಸುವ ಎನಾಮೆಲ್ ಕೂಡ ಸಿಗುತ್ತದೆ. ಸುಣ್ಣಕ್ಕಂತೂ ಹಂದಿ ಕೂದಲು ಬೇಡವೇ ಬೇಡ, ಸುಣ್ಣದ ಕ್ಷಾರ ಕೂದಲನ್ನೇ ತಿಂದುಹಾಕುತ್ತದೆ. ಅದಕ್ಕೆ ನಾರಿನ ಕುಂಚವೇ ಸರಿ.

ಯಾವ ಕೂದಲೆಂದು ಅನುಮಾನ ಬಂದರೆ ಒಂದು ಎಳೆ ಕಿತ್ತು ಬೆಂಕಿ ಕಡ್ಡಿಗೆ ಹಿಡಿಯಿರಿ. ತಲೆಗೂದಲು ಸುಟ್ಟ ವಾಸನೆ ಬಂದು ಬೂದಿಯಾದರೆ ಹಂದಿಯದು, ಕರಗಿ ಮಣಿಯಾದರೆ ನೈಲಾನೋ ಪಾಲಿಯೆಸ್ಟರೋ.

ಮೋಸ ಇರುವುದು ಹೆಚ್ಚಾಗಿ ಬ್ರಷ್ಷಿನ ಹೊಟ್ಟೆಯಲ್ಲಿ. ಕೂದಲನ್ನು ಮಧ್ಯದಲ್ಲಿ ಬಿಡಿಸಿ ಬುಡ ನೋಡಿ: ಕೂದಲನ್ನು ಹಿಡಿಗೆ ಬಿಗಿದ ತಗಡಿನ ಪಟ್ಟಿಯೊಳಗೆ ಮರದ ಬೆಣೆ ಇರುತ್ತದೆ. ಬೆಣೆ ತೆಳ್ಳಗಿದ್ದರೆ ಪೇಂಟ್ ನಿಲ್ಲಲು ಜಾಗವಾಗುತ್ತದೆ, ಅದು ಬೇಕಾದದ್ದೇ. ಅಗ್ಗದ ಬ್ರಷ್ಷಿನಲ್ಲಿ ಬೆಣೆ ದಪ್ಪ, ಸುತ್ತ ಕೂದಲು ತೆಳುವು. ಹೊರಗಿನಿಂದ ತುಂಬಿದಂತೆ ಕಾಣುತ್ತದೆ, ಒಳಗೆ ಪೊಳ್ಳು. ಅಂಥದ್ದು ಗೋಡೆಗೆ ಒತ್ತಿದರೆ ಎರಡು ಕವಲಾಗುತ್ತದೆ. ಆಮೇಲೆ ಅಂಗೈ ಮೇಲೆ ಒತ್ತಿ ಬಾಗಿಸಿ ಬಿಡಿ, ಕೂಡಲೇ ನೆಟ್ಟಗಾಗಬೇಕು. ಎಳೆದಾಗ ಒಂದೆರಡು ಕೂದಲು ಬಂದರೆ ಪರವಾಗಿಲ್ಲ, ಮತ್ತೆ ಮತ್ತೆ ಬಂದರೆ ಅಂಟು ಸರಿಯಿಲ್ಲ. ಪಟ್ಟಿ ಅಲ್ಲಾಡಬಾರದು, ತುಕ್ಕು ಹಿಡಿಯುವ ತಗಡಾದರೆ ಬಿಳಿ ಬಣ್ಣಕ್ಕೆ ಕಂದು ಇಳಿಯುತ್ತದೆ. 2 ಇಂಚಿನ ಬ್ರಷ್ಷಿಗೆ ಕೂದಲಿನ ಉದ್ದ 2 ಇಂಚಿಗಿಂತ ಕಡಿಮೆಯಿದ್ದರೆ ನಾನು ಕೊಳ್ಳುವುದಿಲ್ಲ.

ಅಳತೆಗೆ ತಲೆ ಕೆಡಿಸಿಕೊಳ್ಳುವುದು ಬೇಡ. ಕಿಟಕಿ ಗ್ರಿಲ್ಲಿಗೆ 1 ಇಂಚು, ಚೌಕಟ್ಟಿಗೂ ಗೋಡೆಯಂಚಿಗೂ 2, ಬಾಗಿಲ ಹಲಗೆಗೆ 3. ಗೋಡೆಯ ಬಯಲಿಗೆ ರೋಲರ್. 4 ಇಂಚಿನ ಬ್ರಷ್ಷಿಗೆ ಪೇಂಟ್ ತುಂಬಿಕೊಂಡು ಬಳಿದರೆ ಮಧ್ಯಾಹ್ನದೊಳಗೆ ಮಣಿಕಟ್ಟು ಹಿಡಿದುಕೊಳ್ಳುತ್ತದೆ.

ಹೊಸ ಬ್ರಷ್ಷನ್ನು ಹಿಂದಿನ ದಿನವೇ ಅಂಗೈಗೆ ಬಡಿದು ಸಡಿಲ ಕೂದಲು ಉದುರಿಸಿ, ಸೋಪಿನ ನೀರಲ್ಲಿ ತೊಳೆದು ಪೂರ್ತಿ ಒಣಗಿಸುತ್ತೇನೆ. ಇಲ್ಲದಿದ್ದರೆ ಆ ಕೂದಲೆಲ್ಲ ಬಾಗಿಲಿಗೆ ಅಂಟುತ್ತದೆ. ಅದ್ದುವುದು ಕೂದಲಿನ ಮೂರನೇ ಒಂದು ಭಾಗ ಮಾತ್ರ. ಪೂರ್ತಿ ಮುಳುಗಿಸಿದರೆ ಪೇಂಟ್ ಪಟ್ಟಿಯೊಳಗೆ ಹತ್ತಿ ಕುಳಿತು ಗಟ್ಟಿಯಾಗುತ್ತದೆ, ಕೂದಲು ಅಣಬೆಯ ಹಾಗೆ ಅರಳಿಬಿಡುತ್ತದೆ, ಮತ್ತೆ ಒಂದಾಗುವುದಿಲ್ಲ.

ಕೆಲಸ ಮುಗಿದ ಮೇಲೆ ಎಮಲ್ಷನ್ ಬ್ರಷ್ಷಿಗೆ ನಲ್ಲಿ ನೀರು, ಸೋಪು. ಆಯಿಲ್ ಪೇಂಟಿನದಕ್ಕೆ ಟರ್ಪೆಂಟೈನಲ್ಲಿ ಎರಡು ಮೂರು ಸಲ, ಬುಡದ ತನಕ ಹಿಚುಕಿ, ಕೊನೆಗೆ ಸೋಪು. ಬಾಚಿ, ನ್ಯೂಸ್ ಪೇಪರಿನಲ್ಲಿ ಸುತ್ತಿ, ಹಿಡಿಯ ತೂತಿಗೆ ದಾರ ಕಟ್ಟಿ ತಲೆಕೆಳಗಾಗಿ ತೂಗುಹಾಕಿ. ಡಬ್ಬದಲ್ಲಿ ಕೂದಲ ಮೇಲೆ ನಿಲ್ಲಿಸಿಟ್ಟರೆ ಬೆಳಗಾಗುವಷ್ಟರಲ್ಲಿ ತುದಿ ಸೊಟ್ಟಗಾಗಿರುತ್ತದೆ. ಹಾಗೆ ಕೆಟ್ಟದ್ದನ್ನೂ ನಾನು ಎಸೆಯುವುದಿಲ್ಲ: ಗೋಡೆ ಸಮ ಮಾಡಲು ಮೆತ್ತಿದ ಪುಟ್ಟಿ ಉಜ್ಜಿದ ಮೇಲೆ ಮೂಲೆಯ ಧೂಳು ಕೆಡವಲು ಅದೇ ಆಗುತ್ತದೆ.