ಒಂದೇ ಮೌಸ್ ಹೃದಯದಲ್ಲಿ ಕ್ಯಾಲ್ಸಿಯಂ ರಿಟೆನ್ಶನ್: ನನ್ನ ಅನುಭವ

ಹೃದಯದ ಜೀವಕೋಶಗಳಿಂದ ಮೈಟೊಕಾಂಡ್ರಿಯಾ (ಕೋಶದ ಶಕ್ತಿಕೇಂದ್ರ) ಬೇರ್ಪಡಿಸಿ, ಅದಕ್ಕೆ ಕ್ಯಾಲ್ಸಿಯಂ ಅನ್ನು ಸ್ವಲ್ಪ ಸ್ವಲ್ಪವೇ (ಒಂದೊಂದು ಸಲಕ್ಕೆ ಒಂದು ಪಲ್ಸ್) ಉಣಿಸಿ, ಪೊರೆಯ ರಂಧ್ರ ತೆರೆದು ಎಲ್ಲ ಚೆಲ್ಲಿಹೋಗುವ ಮೊದಲು ಎಷ್ಟು ಹಿಡಿದಿಟ್ಟುಕೊಳ್ಳುತ್ತದೆ ಎಂದು ಅಳೆಯುವುದೇ ಕ್ಯಾಲ್ಸಿಯಂ ರಿಟೆನ್ಶನ್ ಪ್ರಯೋಗ. ಒಂದು ಮೌಸ್ (ಚಿಕ್ಕ ಇಲಿ) ಹೃದಯ ಇದಕ್ಕೆ ಸಾಲದು, ನಾಲ್ಕೈದು ಸೇರಿಸಿ ಅಥವಾ ರ್‍ಯಾಟ್ ಹಿಡಿಯಿರಿ ಅನ್ನುವುದು ಎಲ್ಲರ ಬಾಯಲ್ಲಿದ್ದ ಮಾತು. ಸಾಲುತ್ತದೆ. ಕ್ಯುವೆಟ್ (ಅಳತೆಯ ದೊಡ್ಡ ಕೊಳವೆ) ಬಿಟ್ಟು 96 ವೆಲ್, ಅಂದರೆ 96 ಪುಟ್ಟ ಗುಳಿಗಳ ಪ್ಲೇಟಿಗೆ ಬನ್ನಿ: 200 ಮೈಕ್ರೋಲೀಟರಿಗೆ 50 ಮೈಕ್ರೋಗ್ರಾಂ ಮೈಟೊಕಾಂಡ್ರಿಯಾ. ಒಂದು ಮಿಲಿಗ್ರಾಂ ಪ್ರೋಟೀನ್ ಸಿಕ್ಕರೂ ಇಪ್ಪತ್ತು ವೆಲ್ ಆಯಿತು.

ಮೈಟೊಕಾಂಡ್ರಿಯಾ ಬೇರ್ಪಡಿಸುವ ಬಫರ್ ಮಾಮೂಲಿನದೇ. ಮ್ಯಾನಿಟಾಲ್ 225, ಸುಕ್ರೋಸ್ 75, ಹೆಪಿಸ್ 10, ಇಜಿಟಿಎ (ಕ್ಯಾಲ್ಸಿಯಂ ಹಿಡಿದಿಡುವ ರಾಸಾಯನಿಕ) 1 ಮಿಲಿಮೋಲಾರ್, ಹಸುವಿನ ರಕ್ತದ ಪ್ರೋಟೀನಾದ, ಕೊಬ್ಬಿನಾಮ್ಲ ತೆಗೆದ ಬಿಎಸ್‌ಎ 0.1 ಶೇಕಡಾ, ಪಿಎಚ್ 7.4. ಮೊದಲ ಸ್ಪಿನ್ 700 ಜಿ, ಎರಡನೆಯದು 8000 ಜಿ, ತಲಾ ಹತ್ತು ನಿಮಿಷ, 4 ಡಿಗ್ರಿಯಲ್ಲಿ. ಪ್ರಯೋಗ ಕೆಡುವುದು ಕೊನೆಯ ತೊಳೆತದಲ್ಲಿ. ಅದರಲ್ಲಿ ಇಜಿಟಿಎಯೂ ಇರಬಾರದು, ಬಿಎಸ್‌ಎಯೂ ಇರಬಾರದು. ಇಜಿಟಿಎ ಉಳಿದರೆ ಮೊದಲ ಎರಡು ಮೂರು ಪಲ್ಸ್ ಅದರ ಹೊಟ್ಟೆಗೇ ಹೋಗುತ್ತವೆ. ಮೈಟೊಕಾಂಡ್ರಿಯಾ ಬಲು ಗಟ್ಟಿ ಅಂತ ನಾವು ಹಿಗ್ಗುತ್ತೇವೆ. ಬಿಎಸ್‌ಎ ಉಳಿದರೆ ಪ್ರೋಟೀನ್ ಅಳತೆ ಸುಳ್ಳು ಹೇಳಿ, ವೆಲ್ಲಿಗೆ ಅರ್ಧದಷ್ಟೇ ಮೈಟೊಕಾಂಡ್ರಿಯಾ ಬಿದ್ದಿರುತ್ತದೆ.

ಅಂಗಾಂಶ ಸಡಿಲಿಸುವ ಪ್ರೋಟಿಯೇಸ್ ಕಿಣ್ವವನ್ನು ಹೆಚ್ಚು ಹೊತ್ತು ಬಿಟ್ಟರೆ ಮೈಟೊಕಾಂಡ್ರಿಯಾದ ಹೊರಪೊರೆ ಹರಿಯುತ್ತದೆ. ಅದರ ಉಸಿರಾಟ (ಆಮ್ಲಜನಕ ಬಳಕೆ) ಅಳೆಯುವಾಗ ಸೈಟೊಕ್ರೋಮ್ ಸಿ ಹಾಕಿ, ಹೊರಪೊರೆ ಹರಿದಿದ್ದರೆ ಮಾತ್ರ ಈ ಪ್ರೋಟೀನ್ ಒಳಹೊಗುತ್ತದೆ. ವೇಗ ಹತ್ತು ಶೇಕಡಾಕ್ಕಿಂತ ಏರಿದರೆ ಆ ತಯಾರಿಯನ್ನು ಚೆಲ್ಲಿಬಿಡಿ. ಅಂಗಾಂಶ ಅರೆಯುವ ಹೋಮೊಜೆನೈಸರ್ ಎಷ್ಟು ಸಲ, ಯಾವ ವೇಗದಲ್ಲಿ ಅನ್ನುವುದು ಕೈಗೇ ಗೊತ್ತಾಗಬೇಕು. ಅದಕ್ಕೆ ನನ್ನದೊಂದು ಉಪಾಯವಿದೆ, ಸದ್ಯಕ್ಕೆ ನನ್ನಲ್ಲೇ ಇರಲಿ.

ದುಡ್ಡು ನೀರಾದದ್ದು ಕ್ಯಾಲ್ಸಿಯಂ ಸಿಕ್ಕಾಗ ಹೊಳೆಯುವ ಡೈಯಲ್ಲಿ. ಕೈಗೆ ಸಿಕ್ಕಿತೆಂದು ಫ್ಲುವೊ-4 ತರಿಸಿದ್ದೆ. ಅದಕ್ಕೆ ಕ್ಯಾಲ್ಸಿಯಂ ಮೇಲೆ ವಿಪರೀತ ಮೋಹ. ಮೊದಲ ಪಲ್ಸಿಗೇ ತುಂಬಿಹೋಗಿ ಗ್ರಾಫ್ ಮೇಲೆ ಅಂಟಿಕೊಂಡಿತು. ಬೇಕಾದದ್ದು ಮೋಹ ಕಡಿಮೆಯಿರುವ ಕ್ಯಾಲ್ಸಿಯಂ ಗ್ರೀನ್-5ಎನ್, ಒಂದು ಮೈಕ್ರೋಮೋಲಾರ್ ಸಾಕು.

ಪ್ರಯೋಗದ ಬಫರಿನಲ್ಲಿ ಪೊಟ್ಯಾಸಿಯಂ ಕ್ಲೋರೈಡ್ 125, ಟ್ರಿಸ್ 20, ಫಾಸ್ಫೇಟ್ 2, ಸಕ್ಸಿನೇಟ್ 5 ಮಿಲಿಮೋಲಾರ್, ರೋಟೆನೋನ್ 1 ಮೈಕ್ರೋಮೋಲಾರ್. ಫಾಸ್ಫೇಟ್ ಮರೆತ ದಿನ, ರಂಧ್ರ ತೆರೆಯುವುದನ್ನು ತಡಮಾಡಿಸುವ ಔಷಧಿ ಸೈಕ್ಲೋಸ್ಪೋರಿನ್‌ನಿಂದ ಏನೂ ವ್ಯತ್ಯಾಸ ಕಾಣುವುದಿಲ್ಲ. ಔಷಧಿ ಹಳತಾಗಿದೆ ಅಂತ ಹೊಸ ಬಾಟಲಿ ತರಿಸಿ ದುಡ್ಡು ಕಳೆದುಕೊಂಡದ್ದೂ ಉಂಟು. ಎರಡು ನಿಮಿಷಕ್ಕೊಮ್ಮೆ 5 ಮೈಕ್ರೋಮೋಲಾರ್ ಕ್ಯಾಲ್ಸಿಯಂ, ಅಂದರೆ ಮಿಲಿಗ್ರಾಂ ಪ್ರೋಟೀನಿಗೆ 20 ನ್ಯಾನೋಮೋಲ್. ನೆನಪಿನಿಂದ ಹೇಳುವುದಾದರೆ ಬರಿಯ ವೆಲ್‌ಗಳಲ್ಲಿ ಐದಾರು ಪಲ್ಸಿಗೆ ರಂಧ್ರ ತೆರೆದುಕೊಳ್ಳುತ್ತದೆ, 1 ಮೈಕ್ರೋಮೋಲಾರ್ ಸೈಕ್ಲೋಸ್ಪೋರಿನ್ ಇದ್ದರೆ ಹನ್ನೊಂದು ಹನ್ನೆರಡಕ್ಕೆ. ರಂಧ್ರ ತೆರೆಯಲು ನೆರವಾಗುವ ಸೈಕ್ಲೋಫಿಲಿನ್ ಡಿ ಎಂಬ ಪ್ರೋಟೀನನ್ನು ಹಿಡಿದು ಅದು ತಡಮಾಡಿಸುತ್ತದೆ, ಪೂರ್ತಿ ಮುಚ್ಚುವುದಿಲ್ಲ. ರೋಗಿಗಳ ಮಾತು ಬೇರೆ: 2015ರ ಸರ್ಕಸ್ (CIRCUS) ಎಂಬ ಚಿಕಿತ್ಸಾ ಪ್ರಯೋಗದಲ್ಲಿ 970 ಹೃದಯಾಘಾತದ ರೋಗಿಗಳಿದ್ದರು, ಸೈಕ್ಲೋಸ್ಪೋರಿನ್ ಪಡೆದವರಿಗೆ ಅದರಿಂದ ಲಾಭವಾಗಲಿಲ್ಲ. ನಮ್ಮ ಗ್ರಾಫ್ ತೋರಿಸಿ ಚಿಕಿತ್ಸೆಯ ಮಾತಾಡುವವರಿಗೆ ಇದನ್ನೇ ಹೇಳುತ್ತೇನೆ.

ಅದೇ 2015ರಲ್ಲಿ ಈ ಔಷಧಿಯ ಮೇಲೆ ಇನ್ನೊಂದು ಅಧ್ಯಯನ ಬಂತು. ಗಂಡು ಮೌಸ್‌ಗೆ ಸೈಕ್ಲೋಸ್ಪೋರಿನ್ ಕೊಟ್ಟರೆ ವೀರ್ಯಾಣುವಿನ ಕ್ಯಾಲ್ಸಿನ್ಯೂರಿನ್ ಎಂಬ ಕಿಣ್ವದ ಕೆಲಸ ನಿಂತುಹೋಗಿ, ಬಾಲದಲ್ಲಿ ಮೈಟೊಕಾಂಡ್ರಿಯಾ ಸುತ್ತಿಕೊಂಡ ಮಧ್ಯಭಾಗ ಬಿರುಸಾಗುತ್ತದೆ. ಅಂಡದ ಕವಚ ದಾಟಲಾಗದೆ ಫಲೀಕರಣ ನಿಲ್ಲುತ್ತದೆ, ಔಷಧಿ ಬಿಟ್ಟ ಒಂದು ವಾರಕ್ಕೆ ಸರಿಯಾಗುತ್ತದೆ. ಹೃದಯ ತೆಗೆದ ಮೇಲೆ ಎಪಿಡಿಡಿಮಿಸ್ (ವೀರ್ಯಾಣು ಬಲಿಯುವ ನಾಳ) ಹೇಗೂ ಕಸಕ್ಕೆ ಹೋಗುತ್ತದಲ್ಲ, ಅಂತ ವೀರ್ಯಾಣುವನ್ನು ತಟ್ಟೆಗೆ ಬಿಟ್ಟು ಸೈಕ್ಲೋಸ್ಪೋರಿನ್ ಹಾಕಿ ತೊಂಬತ್ತು ನಿಮಿಷ ಕಾದೆ. ಈಜಿನಲ್ಲಿ ಕಣ್ಣಿಗೆ ಕಾಣುವ ಬದಲಾವಣೆ ಇಲ್ಲ. ಆಗಬೇಕೂ ಇರಲಿಲ್ಲ: ಮಧ್ಯಭಾಗ ಬಳುಕುವ ಗುಣ ಪಡೆಯುವುದು ಎಪಿಡಿಡಿಮಿಸ್‌ನಲ್ಲಿ ಸಾಗುವಾಗ, ಹೊರಬಂದ ಮೇಲೆ ಕಾಲ ಮೀರಿದೆ. ಒಂದು ಲಾಭವಂತೂ ಆಯಿತು. ಹೃದಯಕ್ಕೆ ತಂದ ಕೊಬ್ಬಿನಾಮ್ಲ ತೆಗೆದ ಬಿಎಸ್‌ಎ ಬಾಟಲಿಯೇ ವೀರ್ಯಾಣುವನ್ನು ಫಲೀಕರಣಕ್ಕೆ ಸಜ್ಜುಗೊಳಿಸುವ ಕೆಪಾಸಿಟೇಶನ್‌ಗೂ ನಡೆಯಿತು. ಅಲ್ಲಿ ಅದರ ಕೆಲಸ ಪೊರೆಯಿಂದ ಕೊಲೆಸ್ಟರಾಲ್ ಎಳೆಯುವುದು.

ಸೈಕ್ಲೋಸ್ಪೋರಿನ್ ಪ್ಲಾಸ್ಟಿಕ್‌ಗೆ ಅಂಟುತ್ತದೆ. ತೊಳೆದು ಮರುಬಳಸಿದ ಪ್ಲೇಟಿನಲ್ಲಿ ಕಂಟ್ರೋಲ್ ವೆಲ್ಲೂ ಹನ್ನೊಂದು ಪಲ್ಸ್ ತಡೆದುಕೊಂಡಿತ್ತು. ಈಗ ಪಕ್ಕದಲ್ಲೊಂದು ಎಫ್‌ಕೆ506 ವೆಲ್ ಇಡುತ್ತೇನೆ. ಈ ಔಷಧಿಯೂ ಕ್ಯಾಲ್ಸಿನ್ಯೂರಿನ್ ತಡೆಯುತ್ತದೆ, ಆದರೆ ಸೈಕ್ಲೋಫಿಲಿನ್ ಡಿಯ ಗೊಡವೆಗೆ ಹೋಗುವುದಿಲ್ಲ. ಅಲ್ಲೂ ಪಲ್ಸ್ ಏರಿದರೆ ಮೊದಲು ಪ್ಲೇಟನ್ನೇ ಅನುಮಾನಿಸಿ.